ಅಮೆರಿಕದಲ್ಲಿ ಮನೆ ಗ್ಯಾರೇಜಿಗೆ ಹಳೆ ಕಾರ್ ಲಿಫ್ಟ್: ಮೊದಲು ನಿಮ್ಮ ನೆಲ ನೋಡಿ

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ಒಂದೇ ಒಂದು ಸಲ "ಟೂ ಪೋಸ್ಟ್ ಲಿಫ್ಟ್", ಅಂದರೆ ರಿಪೇರಿಗೆ ಕಾರನ್ನು ಮೇಲೆತ್ತುವ ಎರಡು ಕಂಬದ ಯಂತ್ರ, ಅಂತ ಹುಡುಕಿ ನೋಡಿ. ಮಾರನೆಯ ದಿನದಿಂದ ಫೋನ್ ತುಂಬ ಅವೇ. 1,200 ಡಾಲರ್, 1,500 ಡಾಲರ್, ರಿಪೇರಿ ಅಂಗಡಿ ಮುಚ್ಚುತ್ತಿದ್ದೇವೆ, ಬಂದು ಬಿಚ್ಚಿಕೊಂಡು ಹೋಗಿ. ಇಲ್ಲಿನ ಮೆಕ್ಯಾನಿಕ್ ಬಿಲ್ ನೋಡಿ ಬೇಜಾರಾದವರಿಗೆ ಆಸೆ ಹುಟ್ಟದೆ ಇರುತ್ತದೆಯೇ? ನನಗೂ ಹುಟ್ಟಿತು. ಮುಂಗಡ ಕೊಟ್ಟು ಮನೆಗೆ ಬಂದು ಟೇಪ್ ಹಿಡಿದಾಗ ಗೊತ್ತಾಯಿತು, ಲಿಫ್ಟಿನ ಕಂಬ ನನ್ನ ಗ್ಯಾರೇಜಿನ ಸೀಲಿಂಗಿಗಿಂತ ಒಂದೂವರೆ ಅಡಿಗೂ ಜಾಸ್ತಿ ಎತ್ತರ ಅಂತ. ಮುಂಗಡ ವಾಪಸ್ ಬರಲಿಲ್ಲ. ಅದನ್ನು ನಾನು ಪಾಠದ ಫೀಸು ಅಂತ ಬರೆದುಕೊಂಡಿದ್ದೇನೆ.

ಹಾಗಾಗಿ ಲಿಫ್ಟ್ ನೋಡಲು ಹೋಗುವ ಮುಂಚೆ ನಿಮ್ಮ ಗ್ಯಾರೇಜನ್ನೇ ಸರಿಯಾಗಿ ನೋಡಿ.

ತಲೆ ಮೇಲೆ, ಕಾಲ ಕೆಳಗೆ

ಲೆಕ್ಕ ಸುಲಭ. ಸೆಡಾನ್ ಕಾರು ಹತ್ತಿರ ಹತ್ತಿರ 5 ಅಡಿ ಎತ್ತರ. ಅದರ ಕೆಳಗೆ ನೀವು ನೆಟ್ಟಗೆ ನಿಂತು ಕೆಲಸ ಮಾಡಬೇಕಾದರೆ ಇನ್ನೊಂದು 6 ಅಡಿ. ಅಲ್ಲಿಗೆ 11 ಅಡಿ ಆಯಿತು. ಎಸ್‌ಯುವಿ ಆದರೆ ಇನ್ನೂ ಜಾಸ್ತಿ. ಅಂಗಡಿಗಳಲ್ಲಿ ಕಾಣುವ, ಮೇಲ್ಗಡೆ ಅಡ್ಡಪಟ್ಟಿ ಇರುವ ಎರಡು ಕಂಬದ ಲಿಫ್ಟಿಗೆ ಸುಮಾರು 12 ಅಡಿ ಸೀಲಿಂಗ್ ಬೇಕು. ಅಡ್ಡಪಟ್ಟಿಯ ಬದಲು ನೆಲದ ಮೇಲೆ ಕಬ್ಬಿಣದ ತಟ್ಟೆ ಇದ್ದು, ಕೇಬಲ್ ಅದರ ಕೆಳಗೆ ಹೋಗುವ ಬಗೆ ಇದೆ. ಅದನ್ನು ಇಲ್ಲಿ "ಫ್ಲೋರ್ ಪ್ಲೇಟ್" ಅಥವಾ "ಬೇಸ್ ಪ್ಲೇಟ್" ಅನ್ನುತ್ತಾರೆ. ಅದರ ಕಂಬ ಒಂಬತ್ತು ಚಿಲ್ಲರೆ ಅಡಿ. ಕೊನೆಗೆ ನಾನು ಹಾಕಿಸಿದ್ದು ಇದನ್ನೇ. ಹಳೆಯ ಮನೆಗಳ 8 ಅಡಿ ಗ್ಯಾರೇಜಿಗೆ ಇದೂ ಆಗುವುದಿಲ್ಲ. ಅಂಥವರು ಸೊಂಟದ ಮಟ್ಟಕ್ಕೆ ಎತ್ತುವ ಸಿಸರ್ ಲಿಫ್ಟ್ ಅಥವಾ ಎತ್ತಿಡಬಹುದಾದ ಸಣ್ಣ ಲಿಫ್ಟ್ ನೋಡುವುದು ಮೇಲು. ಗ್ಯಾರೇಜ್ ಬಾಗಿಲಿನ ಹಳಿ, ಓಪನರ್ ಮೋಟರ್ ಎರಡೂ ಕಾರಿನ ನೆತ್ತಿಗೆ ಬರುತ್ತವೆ ಅನ್ನುವುದನ್ನು ಮರೆಯಬೇಡಿ. ಬಾಗಿಲು ತೆರೆದಿಟ್ಟು ಅಳೆಯಿರಿ.

ಇನ್ನು ನೆಲ. ಎರಡು ಕಂಬದ ಲಿಫ್ಟ್ ನಿಲ್ಲುವುದು ಪೂರ್ತಿ ಕಾಂಕ್ರೀಟಿನ ಹಿಡಿತದಿಂದ. ಹೆಚ್ಚಿನ ಮ್ಯಾನುಯಲ್‌ಗಳು ಕಡೆ ಪಕ್ಷ 4 ಇಂಚು ದಪ್ಪ, 3,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕ) ಗಟ್ಟಿತನ ಕೇಳುತ್ತವೆ. ಕೆಲವು ಇನ್ನೂ ಸ್ವಲ್ಪ ಜಾಸ್ತಿ ಕೇಳುತ್ತವೆ. ಮನೆ ಕಟ್ಟಿದವರು 4 ಇಂಚು ಅಂದಿರುತ್ತಾರೆ, ತೂತು ಕೊರೆದು ನೋಡಿದರೆ ಮೂರೂವರೆ ಇರುತ್ತದೆ. ಬಿರುಕು, ಜೋಡಣೆಯ ಗೆರೆ, ಸ್ಲ್ಯಾಬಿನ ಅಂಚು ಬೋಲ್ಟಿನ ಹತ್ತಿರ ಇರಬಾರದು. ದಪ್ಪ ಸಾಲದಿದ್ದರೆ ಕಂಬದ ಜಾಗವನ್ನಷ್ಟೇ ಕತ್ತರಿಸಿ, ಆಳವಾಗಿ ಹೊಸ ಕಾಂಕ್ರೀಟ್ ಹಾಕಿಸಿ 28 ದಿನ ಬಿಡಬೇಕು.

ಆದರೆ ಕೊರೆಯುವ ಮುಂಚೆ ಒಂದು ಮಾತು, ಇದನ್ನು ಮಾತ್ರ ತಪ್ಪಿಸಬೇಡಿ. ಟೆಕ್ಸಸ್, ಕ್ಯಾಲಿಫೋರ್ನಿಯಾ, ಅರಿಜೋನಾ ಕಡೆ ಎಷ್ಟೋ ಮನೆಗಳ ಸ್ಲ್ಯಾಬು "ಪೋಸ್ಟ್ ಟೆನ್ಷನ್" ಬಗೆಯದು. ಕಾಂಕ್ರೀಟಿನ ಒಳಗೆ ಉಕ್ಕಿನ ಕೇಬಲ್‌ಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಒಂದೊಂದರಲ್ಲೂ ಸುಮಾರು 30,000 ಪೌಂಡ್ ಎಳೆತ. ಡ್ರಿಲ್ ಅದಕ್ಕೆ ತಾಗಿ ಕೇಬಲ್ ಕಡಿದರೆ ನೆಲವೂ ಹೋಯಿತು, ಎದುರಿಗೆ ಇದ್ದವರ ಜೀವಕ್ಕೂ ಅಪಾಯ. ಗ್ಯಾರೇಜಿನ ನೆಲದಲ್ಲಿ, ಸಾಮಾನ್ಯವಾಗಿ ಬಾಗಿಲ ಹತ್ತಿರ, "ಕತ್ತರಿಸಬೇಡಿ, ಕೊರೆಯಬೇಡಿ" ಅನ್ನುವ ಮುದ್ರೆ ಇದೆಯಾ ನೋಡಿ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಧೈರ್ಯ ಮಾಡಬೇಡಿ. ಮನೆಯ ಪ್ಲ್ಯಾನ್ ನೋಡಿ, ಬಿಲ್ಡರನ್ನು ಕೇಳಿ, ಅನುಮಾನ ಉಳಿದರೆ ಸ್ಕ್ಯಾನ್ ಮಾಡಿಸಿ. ಇಂಥ ನೆಲದವರಿಗೂ ಬಾಡಿಗೆ ಮನೆಯವರಿಗೂ ನಾಲ್ಕು ಕಂಬದ ಲಿಫ್ಟ್ ಒಳ್ಳೆಯ ದಾರಿ. ಹಲವು ಮಾಡೆಲ್‌ಗಳಿಗೆ ಬೋಲ್ಟ್ ಬೇಕಿಲ್ಲ, ಚಕ್ರ ಹಾಕಿ ಪಕ್ಕಕ್ಕೂ ತಳ್ಳಬಹುದು. ಕಾರು ತನ್ನ ಟೈರಿನ ಮೇಲೇ ನಿಂತಿರುವುದರಿಂದ, ಬ್ರೇಕ್ ಕೆಲಸಕ್ಕೆ ನಡುವೆ ಇನ್ನೊಂದು ಜ್ಯಾಕ್ ಬೇಕಾಗುತ್ತದೆ ಅಷ್ಟೆ.

ಕರೆಂಟಿನ ಕಥೆ

ನಮ್ಮವರು ಎಡವುವ ಜಾಗ ಇದು. ಊರಲ್ಲಿ ಮನೆಗೇ ತ್ರೀ ಫೇಸ್ ಲೈನ್ ನೋಡಿದವರು ನಾವು. ಇಲ್ಲಿನ ಮನೆಗೆ ಬರುವುದು ಸಿಂಗಲ್ ಫೇಸ್ ಮಾತ್ರ. ಗೋಡೆಯ ಪ್ಲಗ್ಗಿಗೆ 120 ವೋಲ್ಟ್, ಬಟ್ಟೆ ಒಣಗಿಸುವ ಡ್ರೈಯರಿನಂಥದ್ದಕ್ಕೆ 240 ವೋಲ್ಟ್. ಅಂಗಡಿಗಳಿಗೆ ತ್ರೀ ಫೇಸ್ ಇರುತ್ತದೆ, ಹಾಗಾಗಿ ಅಲ್ಲಿಂದ ಬರುವ ಎಷ್ಟೋ ಲಿಫ್ಟುಗಳ ಮೋಟರೂ ತ್ರೀ ಫೇಸ್. ಪರಿಚಯದ ಒಬ್ಬರು ಲಿಫ್ಟ್ ತಂದು ನಿಲ್ಲಿಸಿ, ಎಲೆಕ್ಟ್ರಿಶಿಯನ್ನನ್ನೂ ಕರೆಸಿ, ಆಮೇಲೆ ಮೋಟರಿನ ಪ್ಲೇಟ್ ಓದಿದರು. ಮೋಟರು, ಪಂಪು ಸೇರಿದ ಪವರ್ ಯೂನಿಟ್ ಪೂರ್ತಿ ಬದಲಿಸಬೇಕಾಯಿತು.

ಜಾಹೀರಾತು ನೋಡಿದ ಕೂಡಲೇ ಮೋಟರಿನ ಪ್ಲೇಟಿನ ಫೋಟೋ ಕೇಳಿ. ಅದರಲ್ಲಿ "ಪಿಎಚ್" ಅಂತ ಬರೆದ ಕಡೆ 1 ಇರಬೇಕು. 3 ಇದ್ದರೆ ಹೊಸ ಯೂನಿಟ್ಟಿನ ಖರ್ಚು ಬೆಲೆಯಲ್ಲಿ ಕಳೆದು ಮಾತಾಡಿ. ಲಿಫ್ಟಿಗೆ ಅಂತಲೇ ಬೇರೆ ಸರ್ಕ್ಯೂಟ್ ಎಳೆಸಬೇಕು. ಅದಕ್ಕೆ ಹೆಚ್ಚಿನ ಊರುಗಳಲ್ಲಿ ಎಲೆಕ್ಟ್ರಿಕಲ್ ಪರ್ಮಿಟ್ ಬೇಕು.

ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ

ಮನೆಯ ಲಿಫ್ಟಿಗೆ ಸರ್ಕಾರದ ಸರ್ಟಿಫಿಕೇಟು, ಇನ್‌ಸ್ಪೆಕ್ಟರು ಅಂತ ಯಾರೋ ಬರುತ್ತಾರೆ ಅಂದುಕೊಂಡರೆ ತಪ್ಪು. ಓಶಾ ಅನ್ನುವ ಕೇಂದ್ರ ಸಂಸ್ಥೆ ನೋಡಿಕೊಳ್ಳುವುದು ಕೆಲಸಗಾರರ ಸುರಕ್ಷತೆಯನ್ನು. ನಿಮ್ಮ ಗ್ಯಾರೇಜಿನಲ್ಲಿ ನಿಮ್ಮ ಕಾರಿನ ಕೆಳಗೆ ನೀವೇ ಮಲಗಿದರೆ ಅದಕ್ಕೆ ಸಂಬಂಧ ಇಲ್ಲ. ಸ್ಥಳೀಯ ನಿಯಮ, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ), ಇನ್ಶೂರೆನ್ಸ್, ಈ ಮೂರೇ ನಿಮಗೆ ಎದುರಾಗುವುದು.

ಸ್ಥಳೀಯ ನಿಯಮ ಊರಿಂದ ಊರಿಗೆ ಬೇರೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕೌಂಟಿ ಇದಕ್ಕೆ ಹೆಸರುವಾಸಿ. ಮನೆಯಲ್ಲಿ ಸಾಮಾನ್ಯವಾಗಿ ಇರದ ಉಪಕರಣ ಬಳಸಿ ರಿಪೇರಿ ಮಾಡಬಾರದು, ಆ ಮನೆಯಲ್ಲಿ ವಾಸ ಇಲ್ಲದವರ ಗಾಡಿ ರಿಪೇರಿ ಮಾಡಬಾರದು ಅಂತ ಅಲ್ಲಿ ನಿಯಮವೇ ಇದೆ. ಎಲ್ಲ ಕಡೆ ಇಷ್ಟು ಬಿಗಿ ಇಲ್ಲ. ಆದರೂ ನಿಮ್ಮ ಸಿಟಿಯ ಬಿಲ್ಡಿಂಗ್ ಕಚೇರಿಗೆ ಒಂದು ಫೋನ್ ಮಾಡುವುದಕ್ಕೆ ದುಡ್ಡೇನೂ ಕೊಡಬೇಕಿಲ್ಲ, ಅಲ್ವಾ?

ಗಾಡಿ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಲಿಫ್ಟ್ ಹಾಕಿದ ಸುದ್ದಿ ಕನ್ನಡ ಕೂಟದಲ್ಲಿ ಹಬ್ಬಿದರೆ "ನಮ್ದೂ ಸ್ವಲ್ಪ ನೋಡ್ಕೊಡಿ" ಅನ್ನುವವರು ಬಂದೇ ಬರುತ್ತಾರೆ. ಎಚ್-1ಬಿ ವೀಸಾದಲ್ಲಿ ಇರುವವರು ಅದಕ್ಕೆ ದುಡ್ಡು ಮುಟ್ಟಬೇಡಿ. ನಿಮ್ಮನ್ನು ಕರೆಸಿಕೊಂಡ ಕಂಪನಿಯ ಕೆಲಸ ಬಿಟ್ಟು ಬೇರೆ ಸಂಪಾದನೆಗೆ ಆ ವೀಸಾದಲ್ಲಿ ಅನುಮತಿ ಇಲ್ಲ. ಪುಕ್ಕಟೆ ಮಾಡಿಕೊಟ್ಟರೂ, ಕಾರು ಬಿದ್ದು ಏನಾದರೂ ಆದರೆ ಹೊಣೆ ನಿಮ್ಮ ತಲೆಗೇ ಬರಬಹುದು. ಇನ್ಶೂರೆನ್ಸ್ ಏಜೆಂಟಿಗೆ ಲಿಫ್ಟಿನ ವಿಷಯ ಮೊದಲೇ ಇಮೇಲಿನಲ್ಲಿ ಬರೆದು, ಉತ್ತರವನ್ನೂ ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ "ಪರವಾಗಿಲ್ಲ" ಅಂದ ಮಾತಿಗೆ ಕ್ಲೇಮ್ ದಿನ ಸಾಕ್ಷಿ ಇರುವುದಿಲ್ಲ.

ಹಾಗಾದರೆ ಲಿಫ್ಟ್ ಗಟ್ಟಿ ಅಂತ ಹೇಳುವವರು ಯಾರು? ಇಲ್ಲಿ ಆ ಕೆಲಸ ಖಾಸಗಿಯವರದು. ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್, ಎಲ್ಲರೂ ಆಲಿ ಅನ್ನುತ್ತಾರೆ, 1945ರಲ್ಲಿ ಲಿಫ್ಟ್ ತಯಾರಕರೇ ಕಟ್ಟಿದ ಸಂಸ್ಥೆ. ಮೂರನೆಯವರ ಕೈಯಲ್ಲಿ ಪರೀಕ್ಷೆ ಆಗಿ ಪಾಸಾದ ಮಾಡೆಲ್ಲಿಗೆ ಬಂಗಾರ ಬಣ್ಣದ ಲೇಬಲ್ ಅಂಟಿಸುತ್ತಾರೆ. ಮಾಡೆಲ್‌ಗಳ ಪಟ್ಟಿ ಅವರ ಸೈಟಿನಲ್ಲೇ ಇದೆ. ಬರೀ ಮೋಟರಿನ ಮೇಲೆ ಇರುವ ಯುಎಲ್ ಅನ್ನುವ ಸುರಕ್ಷತೆಯ ಗುರುತು ತೋರಿಸಿ "ಸರ್ಟಿಫೈಡ್ ಲಿಫ್ಟ್" ಅನ್ನುವ ಮಾರಾಟಗಾರರಿದ್ದಾರೆ. ಅದು ಮೋಟರಿಗೆ ಮಾತ್ರ, ಲಿಫ್ಟಿಗೆ ಅಲ್ಲ.

ನೋಡಲು ಹೋದಾಗ

"ಬಿಚ್ಚುವಾಗ ಕೆಲಸ ಮಾಡುತ್ತಿತ್ತು" ಅಂತ ಬರೆದ ಜಾಹೀರಾತಿನ ಅರ್ಥ: ಈಗ ಪರೀಕ್ಷಿಸಿ ನೋಡಲು ಆಗುವುದಿಲ್ಲ. ಹುಲ್ಲಿನ ಮೇಲೆ ಮಲಗಿರುವ ಕಂಬ ನೋಡಿ ಏನು ಹೇಳಲು ಸಾಧ್ಯ? ನನ್ನ ಅಭಿಪ್ರಾಯ ಕೇಳಿದರೆ, ಇನ್ನೂ ನಿಂತಿರುವ, ಕರೆಂಟ್ ಇರುವ ಲಿಫ್ಟನ್ನೇ ಕೊಳ್ಳಿ. ನಿಮ್ಮದೇ ಕಾರನ್ನು ಅದರ ಮೇಲೆ ಏರಿಸಿ ನೋಡಿ.

ಏರುವಾಗ, ಕಾರು ಕೆಳಗೆ ಜಾರದಂತೆ ಹಿಡಿಯುವ ಎರಡೂ ಕಡೆಯ ಲಾಕ್ ಒಟ್ಟಿಗೆ ಟಕ್ ಟಕ್ ಅನ್ನಬೇಕು. ಒಂದು ಮುಂದೆ, ಒಂದು ಹಿಂದೆ ಆದರೆ ಎರಡೂ ಬದಿಯನ್ನು ಸಮ ಮಾಡುವ ಕೇಬಲ್ ಸಡಿಲ ಆಗಿದೆ. ಅರ್ಧಕ್ಕೆ ಎತ್ತಿ, ಲಾಕಿಗೆ ಇಳಿಸದೆ, ದೂರ ನಿಂತು ಹತ್ತು ನಿಮಿಷ ಕಾಯಿರಿ. ಕಾರು ಮೆಲ್ಲಗೆ ಕೆಳಗೆ ಬರುತ್ತಿದ್ದರೆ ಎಣ್ಣೆ ಎಲ್ಲೋ ಸೋರುತ್ತಿದೆ. ಆಮೇಲೆ ಲಾಕಿನ ಮೇಲೆ ಕೂರಿಸಿ, ಕಾರು ಇಳಿಸಿ, ಕಾರನ್ನು ಹೊರುವ ತೋಳುಗಳನ್ನು ಖಾಲಿ ಇರುವಾಗ ನೋಡಿ. ತೋಳಿನ ತುದಿ ನೆಲದ ಕಡೆ ಬಾಗಿದೆಯಾ? ಪಿನ್ನು ಸವೆದಿದೆಯಾ? ಮೇಲೆ ಹೋದಾಗ ತೋಳು ಅತ್ತಿತ್ತ ಹೋಗದಂತೆ ಹಿಡಿಯುವ ಹಲ್ಲುಗಳು ಇವೆಯಾ, ಇಲ್ಲವೇ ಕಿರಿಕಿರಿ ಅಂತ ಯಾರೋ ಬಿಚ್ಚಿ ಬಿಸಾಕಿದ್ದಾರಾ? ಬಿಚ್ಚಿದ್ದರೆ ಆ ಅಂಗಡಿಯವರು ಉಳಿದದ್ದನ್ನು ಹೇಗೆ ನೋಡಿಕೊಂಡಿರಬಹುದು ಅಂತ ನೀವೇ ಅಂದಾಜು ಮಾಡಿ.

ಕೇಬಲ್ ಮೇಲೆ ಬಟ್ಟೆ ಎಳೆದು ನೋಡಿ, ಬರಿಗೈ ಬೇಡ. ತುಂಡಾದ ಎಳೆ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕಂಬದ ಬುಡದ ವೆಲ್ಡಿಂಗಿನಲ್ಲಿ ಬಿರುಕು, ಬೋಲ್ಟಿನ ತೂತು ಹಿಗ್ಗಿರುವುದು, ಕಂಬದ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಗೆರೆ, ಇವು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ. ಹೊಸ ಪೇಂಟ್ ಹೊಳೆಯುತ್ತಿದ್ದರೆ ನನಗಂತೂ ಅನುಮಾನವೇ ಜಾಸ್ತಿ.

ಹೆಸರು ಮುಖ್ಯವಾಗುವುದು ಬಿಡಿಭಾಗಕ್ಕೆ. ರೋಟರಿ, ಚಾಲೆಂಜರ್, ಮೊಹಾಕ್, ಬೆಂಡ್‌ಪ್ಯಾಕ್ ಇವೆಲ್ಲ ಈಗಲೂ ನಡೆಯುತ್ತಿರುವ ಕಂಪನಿಗಳು. ಇವುಗಳಲ್ಲಿ ರೋಟರಿ ಶುರುವಾದದ್ದು 1925ರಲ್ಲಿ. ಮೆಂಫಿಸಿನ ಪೀಟರ್ ಲುನಾಟಿ ಕ್ಷೌರದ ಅಂಗಡಿಯ ಏರಿಳಿಯುವ ಕುರ್ಚಿ ನೋಡಿ ಈ ಯಂತ್ರ ಯೋಚಿಸಿದನಂತೆ. ಸೀರಿಯಲ್ ನಂಬರ್ ಬರೆದುಕೊಂಡು ಬಂದು ತಯಾರಕರಿಗೆ ಫೋನ್ ಮಾಡಿ. ಯಾವ ವರ್ಷದ್ದು, ಮ್ಯಾನುಯಲ್ ಸಿಗುತ್ತದಾ, ಕೇಬಲ್ ಸಿಗುತ್ತದಾ ಕೇಳಿ. ಕಂಪನಿಯೇ ಇಲ್ಲದ ಲಿಫ್ಟ್ ಪುಕ್ಕಟೆ ಕೊಟ್ಟರೂ ಬೇಡ. ನೆಲದೊಳಗೆ ಹೂತಿರುವ ಸಿಲಿಂಡರಿನ ಬಗೆಯನ್ನು ನೋಡಲೂ ಹೋಗಬೇಡಿ.

ತೂಕದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನೆಯ ಕಾರು, ಮಿನಿವ್ಯಾನಿಗೆ 9,000 ಪೌಂಡಿನ ಲಿಫ್ಟ್ ಸಾಕು. ಆದರೆ ಆ 9,000 ನಾಲ್ಕು ತೋಳಿಗೆ ಹಂಚಿಹೋಗುತ್ತದೆ, ತಲಾ 2,250. ಮುಂದೆ ಭಾರ ಇರುವ ಪಿಕಪ್ ಎತ್ತುವವರು ಇದನ್ನು ಲೆಕ್ಕ ಹಾಕಬೇಕು.

ದುಡ್ಡು, ಕಾಗದ, ಸಾಗಾಟ

ಹಣ ಕೊಡುವುದು ಲಿಫ್ಟ್ ಟ್ರೇಲರಿಗೆ ಏರಿದ ಮೇಲೆ. ಜೆಲ್‌ನಲ್ಲಿ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಇಲ್ಲಿನ ವ್ಯವಸ್ಥೆ) ಮುಂಗಡ ಕಳಿಸಿದರೆ ಮರಳಿ ಪಡೆಯುವುದು ಬಹಳ ಕಷ್ಟ. ಒಂದು ಹಾಳೆಯಲ್ಲಿ ಮಾಡೆಲ್, ಸೀರಿಯಲ್ ನಂಬರ್, ಬೆಲೆ, ತಾರೀಖು ಬರೆದು ಇಬ್ಬರೂ ಸಹಿ ಹಾಕಿದರೆ ಅದೇ ಬಿಲ್ ಆಫ್ ಸೇಲ್. ಮುಚ್ಚಿದ ಅಂಗಡಿಗಳ ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಬೇರೆ ಸೇರುತ್ತದೆ. ಇಂತಿಷ್ಟು ದಿನದಲ್ಲಿ ಬಿಚ್ಚಿ ಒಯ್ಯಬೇಕು ಅನ್ನುವ ಷರತ್ತೂ ಇರುತ್ತದೆ.

ಒಂದೊಂದು ಕಂಬವೇ ನೂರಾರು ಪೌಂಡ್ ತೂಗುತ್ತದೆ. ಯು-ಹಾಲ್ ಕಂಪನಿ ಬಾಡಿಗೆಗೆ ಕೊಡುವ 12 ಅಡಿ ತೆರೆದ ಟ್ರೇಲರಿನಲ್ಲಿ ಬರುತ್ತದೆ. ಅಂಗಡಿಯಲ್ಲಿ ಫೋರ್ಕ್‌ಲಿಫ್ಟ್ ಇದ್ದರೆ ಅವರೇ ಏರಿಸಿಕೊಡುತ್ತಾರೆ. ಮನೆಯಲ್ಲಿ ಇಳಿಸುವವರು ಯಾರು ಅಂತ ಹೊರಡುವ ಮುಂಚೆಯೇ ಯೋಚಿಸಿ. ನಾಲ್ಕು ಜನ ಗೆಳೆಯರ ಜೊತೆಗೆ ಒಂದು ಎಂಜಿನ್ ಹಾಯ್ಸ್ಟ್ ಇರಲಿ.

ಆನೆ ಕೊಂಡವರು ಅಂಕುಶಕ್ಕೆ ಜಿಪುಣತನ ಮಾಡಬಾರದು. ಕಂಬವನ್ನು ನೆಲಕ್ಕೆ ಹಿಡಿಸುವ ಹಳೆಯ ಆಂಕರ್ ಬೋಲ್ಟ್ ಮತ್ತೆ ಬಳಸುವಂತಿಲ್ಲ. ಹೊಸವನ್ನೇ ತನ್ನಿ. ಕೇಬಲ್, ಜಾರುವ ಪ್ಲಾಸ್ಟಿಕ್ ಬ್ಲಾಕ್, ತೋಳಿನ ರಬ್ಬರ್, ಹೈಡ್ರಾಲಿಕ್ ಎಣ್ಣೆ ಎಲ್ಲ ಬದಲಿಸಿ. ಇದರ ಮೇಲೆ ಎಲೆಕ್ಟ್ರಿಶಿಯನ್, ಟ್ರೇಲರ್, ನಿಲ್ಲಿಸುವವರ ಕೂಲಿ ಸೇರಿದರೆ 1,200 ಡಾಲರಿನ ಲಿಫ್ಟ್ 3,000ಕ್ಕೆ ಹತ್ತಿರ ಆಗಿಬಿಡಬಹುದು. ಆ ದುಡ್ಡಿಗೆ ಹೊಸ ಸಾಧಾರಣ ಲಿಫ್ಟೇ ಸಿಗುತ್ತದೆ. ಹಾಗಾಗಿ ಹಳೆಯದು ಕೊಂಡರೆ ಒಳ್ಳೆಯ ಕಂಪನಿಯದನ್ನೇ ಕೊಳ್ಳಿ. ಅಗ್ಗದ ಲಿಫ್ಟನ್ನು ಹಳೆಯದಾಗಿಯೂ ಕೊಳ್ಳುವುದರಲ್ಲಿ ಲಾಭ ನನಗೆ ಕಾಣಲಿಲ್ಲ.

ನಿಲ್ಲಿಸುವ ದಿನ ಬೋಲ್ಟನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೇ (ಬಿಗಿತದ ಅಳತೆಗೇ) ಬಿಗಿಯಬೇಕು. ಅಷ್ಟು ಬರುವ ಮುಂಚೆಯೇ ಬೋಲ್ಟ್ ಸುಮ್ನೆ ಸುತ್ತತೊಡಗಿದರೆ ಕಾಂಕ್ರೀಟ್ ಹಿಡಿಯುತ್ತಿಲ್ಲ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ. ಎಲ್ಲ ಆದ ಮೇಲೆ ಆಲಿ ಮಾನ್ಯತೆ ಪಡೆದ ಇನ್‌ಸ್ಪೆಕ್ಟರನ್ನು ಒಂದು ಸಲ ಕರೆಸಿ. ನಿಮ್ಮ ಹತ್ತಿರ ಯಾರಿದ್ದಾರೆ ಅಂತ ಅವರ ಸೈಟಿನಲ್ಲಿ ಹುಡುಕಬಹುದು. ಆಮೇಲೆ ಖಾಲಿ ಲಿಫ್ಟನ್ನು ನಾಲ್ಕಾರು ಸಲ ಏರಿಸಿ ಇಳಿಸಿ. ಕಾರು ಹಾಕಿದಾಗ ಮೊದಲು ಟೈರು ನೆಲ ಬಿಡುವಷ್ಟು ಮಾತ್ರ ಎತ್ತಿ, ಬಂಪರ್ ಹಿಡಿದು ಅಲುಗಾಡಿಸಿ, ಪ್ಯಾಡುಗಳು ಸರಿಯಾದ ಜಾಗದಲ್ಲಿ ಇವೆಯಾ ನೋಡಿ. ಮೇಲೆ ಹೋದ ಮೇಲೆ ಲಾಕಿನ ಮೇಲೆ ಕೂರಿಸಿಯೇ ಕೆಳಗೆ ಕಾಲಿಡಿ, ಎಣ್ಣೆಯ ಒತ್ತಡವೊಂದನ್ನೇ ನಂಬಿ ಯಾವತ್ತೂ ಬೇಡ. ಕೆಲವು ಸಲ ಬಳಸಿದ ಮೇಲೆ ಬೋಲ್ಟುಗಳ ಟಾರ್ಕನ್ನು ಮತ್ತೊಮ್ಮೆ ನೋಡಿ. ನನ್ನದರಲ್ಲಿ ಎರಡು ಸಡಿಲ ಆಗಿದ್ದವು.