ಜಾಜ್ ಜೊತೆ ಕವಿತೆ ಓದುವವರಿಗೆ ಒಂದು ಸಲಹೆ
ಪುಸ್ತಕದಂಗಡಿಯ ಜಾಜ್ ಸಂಜೆಯಲ್ಲಿ ಕವಿತೆ ಓದುವ ಆಸೆ ಇದೆಯಾ? ಚಿಕ್ಕದನ್ನು ಆರಿಸಿ, ಎರಡು ನಿಮಿಷ ಸಾಕು. ಶುರುವಾಗುವ ಮುಂಚೆಯೇ ಬಾಸ್ (ತಗ್ಗು ಸ್ವರದ ತಂತಿವಾದ್ಯ) ನುಡಿಸುವವರಿಗೆ ನಾಲ್ಕು ಸಾಲು ಓದಿ ತೋರಿಸಿ. ನಿಮ್ಮ ಓದಿನ ವೇಗ ಅವರಿಗೆ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಡ್ರಮ್ಸ್‌ಗೆ ಕಡ್ಡಿ ಬೇಡ, ಮೆಲುವಾಗಿ ಸದ್ದು ಮಾಡುವ ತಂತಿ ಬ್ರಶ್ ಬಳಸಿ ಅಂತ ಕೇಳಿಕೊಳ್ಳಿ. ಚಿಕ್ಕ ಅಂಗಡಿಯಲ್ಲಿ ಕಡ್ಡಿಯ ಸದ್ದಿಗೆ ಮಾತು ಮುಳುಗಿಹೋಗುತ್ತದೆ. ನಡುವೆ ಸುಮ್ನೆ ನಿಲ್ಲಿ, ಸ್ಯಾಕ್ಸೋಫೋನ್‌ಗೂ ಜಾಗ ಬೇಕಲ್ವಾ? ತಾಳಕ್ಕೆ ಕಟ್ಟುಬಿದ್ದು ಓದಬೇಡಿ, ಮಗ್ಗಿ ಒಪ್ಪಿಸಿದ ಹಾಗಾಗುತ್ತದೆ.

1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಿ ಸೆಲ್ಲರ್ ಕ್ಲಬ್‌ನಲ್ಲಿ ಕವಿ ಕೆನೆತ್ ರೆಕ್ಸ್‌ರಾತ್ ಜೊತೆ ಅದೇ ಊರಿನ ಸಿಟಿ ಲೈಟ್ಸ್ ಪುಸ್ತಕದಂಗಡಿಯ ಕವಿ ಲಾರೆನ್ಸ್ ಫರ್ಲಿಂಗೆಟಿ ಹೀಗೇ ಜಾಜ್‌ಗೆ ಕವಿತೆ ಓದಿದ್ದರು. ಅದರ ರೆಕಾರ್ಡ್ ಇದೆ, ಕೇಳಿಕೊಂಡು ಹೋಗಿ. ಬರೀ ಕೇಳಲು ಬರುವವರು ಡ್ರಮ್ಸ್ ಪಕ್ಕದ ಕುರ್ಚಿ ಬಿಟ್ಟು ಕೂರಿ.