ಗಾತ್ ರಾಕ್ ಹಾಡನ್ನು ಬೇಸ್‌ನಿಂದ ಕಟ್ಟುವುದು

ಗಾತ್ ರಾಕ್ ಅಂದರೆ ಕತ್ತಲ ಭಾವದ ರಾಕ್ ಸಂಗೀತ. 1980ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿದ ದಿ ಸಿಸ್ಟರ್ಸ್ ಆಫ್ ಮರ್ಸಿ ಎಂಬ ಈ ಬಗೆಯ ತಂಡ ಡ್ರಮ್ಮರ್ ಬದಲು ಡ್ರಮ್ ಮಷೀನನ್ನೇ ನೆಚ್ಚಿಕೊಂಡಿತು, ಅದಕ್ಕೆ ಡಾಕ್ಟರ್ ಅವಲಾಂಚ್ ಎಂದು ಹೆಸರೂ ಇಟ್ಟಿತು. ನೀವೂ ಮಷೀನಿನಿಂದಲೇ ಶುರುಮಾಡಿ. ವೇಗ ನಿಮಿಷಕ್ಕೆ 130 ಬೀಟ್, ಎರಡು ಬಾರ್‌ನ (ತಾಳದ ಎರಡು ಆವರ್ತದ) ಒಂದೇ ಪ್ಯಾಟರ್ನ್, ಫಿಲ್‌ಗಳು (ನಡುವೆ ಬರುವ ಡ್ರಮ್ ಅಲಂಕಾರಗಳು) ತೀರಾ ಕಡಿಮೆ. ಆ ಕಲ್ಲಿನಂಥ ಏಕತಾನವೇ ಈ ಸಂಗೀತದ ಜೀವ.

ರಾಗದ ಹೊಣೆ ಬೇಸ್ ಗಿಟಾರಿನದು. ಇ ಮೈನರ್ ಹಿಡಿದರೆ ದಪ್ಪ ತಂತಿಯನ್ನು ಬೆರಳಿಡದೆ ಮೊಳಗಲು ಬಿಟ್ಟು, ಡಿ ಮತ್ತು ಜಿ ತಂತಿಗಳ ಮೇಲೆ ನಾಲ್ಕೈದು ಸ್ವರಗಳ ಸಾಲು ನುಡಿಸಿ. ಪಿಕ್ ಬಳಸಿ, ಬ್ರಿಡ್ಜ್ (ತಂತಿ ಹೊತ್ತ ಕುದುರೆ) ಹತ್ತಿರ ಮೀಟಿ. ಇಡೀ ಬೇಸ್‌ಗೆ ಕೋರಸ್ (ಒಂದು ದನಿಯನ್ನು ಹಲವು ದನಿಯಂತೆ ಕೇಳಿಸುವ ಎಫೆಕ್ಟ್) ಹಾಕಿದರೆ ತಳದ ಸ್ವರ ತೂಗಾಡಿ ಕಿಕ್ ಡ್ರಮ್ (ತಗ್ಗು ದನಿಯ ದೊಡ್ಡ ಡ್ರಮ್) ಸೊರಗುತ್ತದೆ. ಆದ್ದರಿಂದ ಸಿಗ್ನಲ್ಲನ್ನು ಎರಡು ಟ್ರ್ಯಾಕ್ ಮಾಡಿ: 150 ಹರ್ಟ್ಸ್‌ಗಿಂತ ಕೆಳಗಿನದು ಒಣದಾಗಿ, ಅಂದರೆ ಎಫೆಕ್ಟ್ ಇಲ್ಲದೆ ಇರಲಿ, ಮೇಲಿನದಕ್ಕಷ್ಟೇ ಕೋರಸ್.

ಗಿಟಾರ್‌ಗೆ ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬೇಡ. ಎರಡೆರಡು ತಂತಿ ಬಿಡಿಬಿಡಿಯಾಗಿ ಮೀಟಿ, ಡಿಲೇಯನ್ನು (ಪ್ರತಿಧ್ವನಿ ಹುಟ್ಟಿಸುವ ಎಫೆಕ್ಟ್) 346 ಮಿಲಿಸೆಕೆಂಡಿಗೆ ಇಡಿ. ಈ ವೇಗಕ್ಕೆ ಅದು ಮುಕ್ಕಾಲು ಬೀಟ್. ಅಂದಾಜಿನಲ್ಲಿ ಇಟ್ಟರೆ ಪ್ರತಿಧ್ವನಿ ಡ್ರಮ್ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಹಾಡುವಾಗ ಮೈಕ್‌ನಿಂದ ಹತ್ತು ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್ (ಉಸಿರಿನ ಬಡಿತ ತಡೆಯುವ ಪರದೆ). ದನಿ ತಗ್ಗಿರಲಿ, ಆದರೆ ಇಲ್ಲದ ಮಂದ್ರಕ್ಕಾಗಿ ಗಂಟಲು ಹಿಂಡಬೇಡಿ, ಕೀ (ಹಾಡಿನ ಶ್ರುತಿ) ಬದಲಿಸಿ. ಹತ್ತಿರದ ಮೈಕ್ ತಗ್ಗು ದನಿಯನ್ನು ಉಬ್ಬಿಸುತ್ತದೆ, 250 ಹರ್ಟ್ಸ್ ಸುತ್ತ 3 ಡೆಸಿಬಲ್ ತಗ್ಗಿಸಿ. ರಿವರ್ಬನ್ನು (ದೊಡ್ಡ ಕೋಣೆಯ ಅನುರಣನ ಕೊಡುವ ಎಫೆಕ್ಟ್) ಬೇರೆ ಚಾನೆಲ್‌ಗೆ ಕಳಿಸಿ, ಪ್ರೀ-ಡಿಲೇ (ಅನುರಣನ ಶುರುವಾಗುವ ಮುಂಚಿನ ಅಂತರ) 40 ಮಿಲಿಸೆಕೆಂಡ್ ಕೊಟ್ಟು, ರಿವರ್ಬಿನ 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಹೀಗೆ ಮಾಡದಿದ್ದರೆ ಮಾತು ಮುಳುಗಿ ಬರೀ ಗುಂಯ್‌ಗುಡುವ ಸದ್ದು ಉಳಿಯುತ್ತದೆ.