ಅಳತೆ ಹೇಳುತ್ತಾ ಓಡಿದ್ದು: ನಲವತ್ತಾರಕ್ಕೆ ಶುರು ಮಾಡಿದ ನನ್ನ ಓಟ

ಹೋದ ಜನವರಿಯಲ್ಲಿ ನಾನು ಕೋಟೆ ಸುತ್ತು ಹಾಕಿ ಬಂದೆ. ಓಡಿಕೊಂಡೇ. ವಿಜಯಪುರದ ಕೋಟೆ ಗೋಡೆ ಸುತ್ತಳತೆ ಸುಮಾರು 10 ಕಿ.ಮೀ. ಗೋಡೆಗೆ ಹತ್ತಿಕೊಂಡೇ ಎಲ್ಲ ಕಡೆ ದಾರಿ ಇಲ್ಲ, ಒಳಗೆ ಹೊರಗೆ ಬಳಸಿ ಬರಬೇಕು. ಮನೆ ಮುಟ್ಟಿದಾಗ ಫೋನಿನಲ್ಲಿ 11 ಚಿಲ್ಲರೆ ಕಿ.ಮೀ. ತೋರಿಸಿತು. ಒಂದು ಗಂಟೆ ನಲವತ್ತೇಳು ನಿಮಿಷ. ಹುಡುಗರಿಗೆ ಇದು ನಗುವ ಟೈಮ್. ನಗಲಿ. ನನಗೀಗ ನಲವತ್ತೆಂಟು ವರ್ಷ, ಎರಡು ವರ್ಷದ ಹಿಂದೆ ಮನೆಯ ಎರಡನೇ ಮಾಳಿಗೆ ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದೆ.

ನಾನು ಟೇಲರ್. ಬ್ಲೌಸು, ಚೂಡಿದಾರ, ಫಾಲ್ ಪಿಕೊ, ಎಲ್ಲ. ಇಪ್ಪತ್ತೆರಡು ವರ್ಷದಿಂದ ಕಾಲಿನ ಮಷಿನ್ ತುಳಿದಿದ್ದೇನೆ. ಇಷ್ಟು ತುಳಿದ ಕಾಲಿಗೆ ಓಟ ಯಾವ ಲೆಕ್ಕ ಅಂತ ನನ್ನ ಧಿಮಾಕು. ಅದೇ ಮೊದಲ ತಪ್ಪು.

ಎರಡನೇ ತಪ್ಪು, ಭಾವನವರ ಮಗನ ಹಿಂದೆ ಹೋಗಿದ್ದು. ಅವನು ಆಗ ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದ. ನಮ್ಮ ಊರಿನ ಮೈದಾನಗಳಲ್ಲಿ ಬೆಳಗ್ಗೆ ಐದಕ್ಕೆ ಹೋದರೆ ಇಂಥ ಹುಡುಗರೇ. ಅವರ ತಲೆಯಲ್ಲಿ ಇರುವುದು ಒಂದೇ: 1600 ಮೀಟರ್, ಆರೂವರೆ ನಿಮಿಷ. "ಬಾ ಕಾಕಿ, ನಾ ಕಲಿಸ್ತೀನಿ" ಅಂದ. ಮೊದಲ ದಿನವೇ ಒಂದು ಸುತ್ತು ಜೋರಾಗಿ ಓಡಿಸಿದ. ನನ್ನ ಕಣ್ಣಿಗೆ ಕತ್ತಲು ಬಂತು, ಹುಲ್ಲಿನ ಮೇಲೆ ಕೂತುಬಿಟ್ಟೆ. "ಹಂಗ ಆಗ್ತದ, ಎಂಟ ದಿನಕ್ಕ ಹೊಂದ್ಕೋತದ" ಅಂದ. ಎಂಟು ದಿನ ಕಳೆಯಿತು, ಹೊಂದಿಕೊಳ್ಳಲಿಲ್ಲ. ಹನ್ನೆರಡನೇ ದಿನ ಎಡಗಾಲಿನ ಹಿಮ್ಮಡಿ ಮೇಲಿನ ದಪ್ಪ ನರ (ಸ್ನಾಯುರಜ್ಜು) ಹಿಡಿದುಕೊಂಡಿತು. ಬೆಳಗ್ಗೆ ಹಾಸಿಗೆಯಿಂದ ಇಳಿದರೆ ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕು. ಮಷಿನ್ ತುಳಿಯೋಕೂ ಆಗದು. ಅದು ಮದುವೆ ಸೀಸನ್. ಹತ್ತೊಂಬತ್ತು ಬ್ಲೌಸ್ ಬಾಕಿ ಇದ್ದವು.

ನಮ್ಮ ಅತ್ತಿಯವರು ಅಂದದ್ದು ಇನ್ನೂ ನೆನಪಿದೆ: "ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ನಿನಗ್ಯಾಕ ಬೇಕಾಗಿತ್ತು ಇದು?" ಮನೆಯವರು ಏನೂ ಅನ್ನಲಿಲ್ಲ. ಮಷಿನ್‌ಗೆ ಮೋಟರ್ ಹಾಕಿಸಿಕೊಟ್ಟರು, ಸಾವಿರದ ಆರುನೂರೋ ಏನೋ ಆಯಿತು. ಓಟದ ಖರ್ಚಿನ ಲೆಕ್ಕದಲ್ಲಿ ಅದನ್ನೂ ನಾನು ಸೇರಿಸುತ್ತೇನೆ.

ಫಿಸಿಯೋ ಹತ್ತಿರ ಎಂಟು ಸಲ ಹೋದೆ, ಸಲಕ್ಕೆ ಇನ್ನೂರೈವತ್ತು. ಮೊದಲು ಹೋಗಿದ್ದ ಕಡೆ ಬರೀ ಶಾಖ ಕೊಟ್ಟು, ಕರೆಂಟ್ ಹಚ್ಚಿ ಕಳಿಸುತ್ತಿದ್ದರು, ಅಲ್ಲಿ ಆರು ಸಲದ ದುಡ್ಡು ಹೋಯಿತು. ಎರಡನೆಯವರು ಮಾತ್ರ ನನ್ನನ್ನು ಮೆಟ್ಟಿಲ ತುದಿಯಲ್ಲಿ ನಿಲ್ಲಿಸಿದರು. ಬೆರಳ ಮೇಲೆ ಏರು, ನೋವಿನ ಕಾಲೊಂದರ ಮೇಲೆ ಭಾರ ಬಿಟ್ಟು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ನಿಧಾನ ಇಳಿಸು. ಹದಿನೈದು ಸಲ, ಮೂರು ಸುತ್ತು. ಮೊಣಕಾಲು ನೇರ ಇಟ್ಟು ಒಮ್ಮೆ, ಮಡಚಿ ಒಮ್ಮೆ. ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ. ಸ್ವೀಡನ್ನಿನ ಆಲ್ಫ್ರೆಡ್‌ಸನ್ ಎನ್ನುವ ಡಾಕ್ಟರ್ 1998ರಲ್ಲಿ ಹೇಳಿದ ಕ್ರಮವಂತೆ. ಒಟ್ಟು ಲೆಕ್ಕ ಹಾಕಿ ನೋಡಿ, ದಿನಕ್ಕೆ 180 ಸಲ. ಅಂಗಡಿಯ ಕಟ್ಟೆ ಮೇಲೆ ನಿಂತು ಮಾಡುತ್ತಿದ್ದೆ. ಗಿರಾಕಿ ಬಂದರೆ ಹಾಗೇ ಮಾತಾಡುವುದು. ನೋವು ಹೋಗಲು ಹನ್ನೆರಡಲ್ಲ, ಹದಿನಾಲ್ಕು ವಾರ ಹಿಡಿಯಿತು. ನಡುವೆ ಎರಡು ವಾರ ಲಗ್ನದ ಗದ್ದಲದಲ್ಲಿ ಬಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಮಷಿನ್ ತುಳಿದರೆ ಕಾಲು ಗಟ್ಟಿ ಆಗುತ್ತದೆ ಅನ್ನುವುದು ಅರ್ಧ ನಿಜ. ಮೀನಖಂಡ ಗಟ್ಟಿ ಆಗಿತ್ತು, ಆದರೆ ಬಿಗಿದು ಹಗ್ಗ ಆಗಿತ್ತು. ದಿನವಿಡೀ ಪಾದ ಅಷ್ಟೇ ಅಷ್ಟು ಆಡುತ್ತದೆ, ಪೂರ್ತಿ ಕೆಳಗೆ ಇಳಿಯುವುದೇ ಇಲ್ಲ. ನನ್ನ ಹಾಗೆ ಮಷಿನ್ ಮೇಲೆ ಕೂತು ಬದುಕುವ ಅಕ್ಕಂದಿರು ಇದನ್ನು ಗಮನಿಸಿ.

ಆ ಮೂರು ತಿಂಗಳಲ್ಲಿ ಇನ್ನೊಂದು ಗುಟ್ಟು ಬಯಲಾಯಿತು. ಉಸಿರು ಕಟ್ಟುವುದು ವಯಸ್ಸಿನದ್ದು ಅಂತ ಎಲ್ಲರೂ ಅಂದುಕೊಂಡಿದ್ದೆವು. ರಕ್ತ ತೋರಿಸಿದಾಗ ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12 ಆದರೂ ಇರಬೇಕು. ತಿಂಗಳ ಮುಟ್ಟು ಜಾಸ್ತಿ ಹೋಗುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ಅದಕ್ಕೂ ಔಷಧ ಕೊಟ್ಟರು, ಕಬ್ಬಿಣದ ಗುಳಿಗೆಯನ್ನೂ ಕೊಟ್ಟರು. ಗುಳಿಗೆ ನುಂಗಿ ಮೇಲೆ ಚಹಾ ಕುಡಿದರೆ ನುಂಗಿದ್ದು ದಂಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಾನು ದಿನಕ್ಕೆ ಆರು ಕಪ್ಪಿನವಳು! ನಿಂಬೆ ನೀರಿನ ಜೊತೆ ಗುಳಿಗೆ, ಚಹಾ ಎರಡು ತಾಸು ಬಿಟ್ಟು. ನಾಲ್ಕು ತಿಂಗಳಿಗೆ 11.8 ಆಯಿತು. ಹೊಸ ಶೂ, ಹೊಸ ವಾಚು ಅಂತ ಓಡಾಡುವ ಮೊದಲು ಈ ಒಂದು ಪರೀಕ್ಷೆ ಮಾಡಿಸಿ. ನನ್ನ ಇಡೀ ಓಟದಲ್ಲಿ ಅತಿ ಜಾಸ್ತಿ ಉಪಯೋಗಕ್ಕೆ ಬಂದ ದುಡ್ಡು ಇದೇ.

ಈಗ ಓಟಕ್ಕೆ ಬರುತ್ತೇನೆ.

ಎರಡನೇ ಸಲ ಶುರು ಮಾಡಿದಾಗ ಮೈದಾನಕ್ಕೆ ಹೋಗಲಿಲ್ಲ. ನಮ್ಮ ಬಡಾವಣೆಯ ಹಿಂದಿನ ರಸ್ತೆ, ಲೈಟಿನ ಕಂಬಗಳು. ಒಂದು ಕಂಬದಿಂದ ಇನ್ನೊಂದಕ್ಕೆ ಓಟ, ಆಮೇಲೆ ಎರಡು ಕಂಬ ನಡಿಗೆ. ಮೂರು ವಾರ ಇಷ್ಟೇ. ಮುಂದೆ ಒಂದಕ್ಕೊಂದು. ಆಮೇಲೆ ಎರಡಕ್ಕೊಂದು. ವಾರಕ್ಕೆ ಮೂರೇ ದಿನ. ನಾಲ್ಕನೇ ದಿನ ಕಾಲು ಕೇಳಿದರೂ ಕೊಡಲಿಲ್ಲ. ಉಸಿರು ಬೇಗ ಪಳಗುತ್ತದೆ, ನರ ನಿಧಾನ ಪಳಗುತ್ತದೆ, ಅದು ನನಗೆ ದುಡ್ಡು ಕೊಟ್ಟು ತಿಳಿದದ್ದು.

ಭಾವನವರ ಮಗ ಒಂದು ದಿನ ಬೈಕಿನ ಮೇಲೆ ಬಂದು ನೋಡಿ ನಕ್ಕ. "ಕಾಕಿ, ಇದು ಓಟ ಅಲ್ಲ, ಬಸ್ ತಪ್ಪಿದವ್ರು ಹೋದಂಗ ಐತಿ. ನಡು ನಡುವೆ ನಡದ್ರ ಸ್ಟ್ಯಾಮಿನಾ ಬರೂದಿಲ್ಲ" ಅಂದ. ನನ್ನ ಮಗಳು ಫೋನಿನಲ್ಲಿ ಹುಡುಕಿ ಅವನಿಗೆ ಉತ್ತರ ಕೊಟ್ಟಳು: ಜೆಫ್ ಗ್ಯಾಲೋವೇ ಅಂತ ಅಮೆರಿಕದವರು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು, ಹೊಸಬರಿಗೆ ಓಡಿ-ನಡೆದು-ಓಡುವುದನ್ನೇ ಕಲಿಸಿದ್ದು. ಅವನು "ಅವ್ರು ಒಲಿಂಪಿಕ್ಸ್, ನೀನು ಬ್ಲೌಸ್" ಅಂದು ಹೊರಟುಹೋದ. ಆ ಮಾತು ನನಗೆ ಒಂದು ವರ್ಷ ಓಡಲು ಸಾಕಾಯಿತು.

ನಿಧಾನ ಓಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ನಿಧಾನ? ಮಾತಾಡಲು ಬರುವಷ್ಟು ಅಂತ. ಒಬ್ಬಳೇ ಓಡುವಾಗ ಯಾರ ಜೊತೆ ಮಾತಾಡಲಿ? ಎರಡೂವರೆ ಸಾವಿರದ ವಾಚು ತಗೊಂಡೆ, ಎದೆಬಡಿತ ತೋರಿಸುವಂಥದ್ದು. ನಡೆಯುವಾಗ 165 ತೋರಿಸುತ್ತಿತ್ತು, ಓಡುವಾಗ 110. ಕೈಯ ಬಳೆ ಒತ್ತಿದರೆ ಇನ್ನೂ ಬೇರೆ. ಅದೀಗ ಮಗಳ ಕೈಯಲ್ಲಿದೆ.

ಅದಕ್ಕೇ ನಾನು ನನ್ನ ದಾರಿ ಕಂಡುಕೊಂಡೆ. ಅಳತೆ ಹೇಳುವುದು. "ಎದೆ ಮೂವತ್ತಾರು, ಸೊಂಟ ಮೂವತ್ತೆರಡು, ಉದ್ದ ಹದಿನಾಲ್ಕೂವರೆ, ಭುಜ ಹದಿನಾಲ್ಕು, ತೋಳು ಹತ್ತು, ತೋಳಿನ ಸುತ್ತು ಹನ್ನೊಂದು." ಒಂದು ಬ್ಲೌಸಿನ ಅಳತೆ ಒಂದೇ ಉಸಿರಿಗೆ ಮುಗಿದರೆ ವೇಗ ಸರಿ ಇದೆ. ತೋಳಿಗೆ ಬಂದಾಗ ಉಸಿರು ತುಂಡಾದರೆ ನಿಧಾನ ಮಾಡು. ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆಯೂ ಸೇರಿ ಬಂದರೆ ಸ್ವಲ್ಪ ಜೋರು ಮಾಡಬಹುದು. ಇದಕ್ಕೆ ಬ್ಯಾಟರಿ ಬೇಡ, ಚಾರ್ಜರ್ ಬೇಡ. ಹಾಲಿನವನು ಮೊದಲ ದಿನ ಬೆಚ್ಚಿ ನೋಡಿದ. ನಿಮಗೆ ಅಳತೆ ಬಾರದಿದ್ದರೆ ಹದಿನೇಳರ ಮಗ್ಗಿ ಹೇಳಿ.

ಹೆಜ್ಜೆ ಸಣ್ಣ ಇಟ್ಟೆ. ದೊಡ್ಡ ಹೆಜ್ಜೆ ಹಾಕಿದ ದಿನ ಹಿಮ್ಮಡಿ ಸಂಜೆಗೆ ನೆನಪು ಮಾಡುತ್ತಿತ್ತು. ಸಣ್ಣ ಹೊಲಿಗೆ ಹಾಕಿದ ಹಾಗೆ, ಬೇಗ ಬೇಗ, ಹತ್ತಿರ ಹತ್ತಿರ. ಐದು ತಿಂಗಳಿಗೆ 3 ಕಿ.ಮೀ., ಹತ್ತು ತಿಂಗಳಿಗೆ 6. ಈಗಲೂ ಎಂಟು ನಿಮಿಷಕ್ಕೊಮ್ಮೆ ಒಂದು ನಿಮಿಷ ನಡೆಯುತ್ತೇನೆ. ಬಿಡುವ ಆಲೋಚನೆ ಇಲ್ಲ.

ಶೂ ವಿಷಯ. ಮೊದಲನೆಯದು ಪೇಟೆಯಲ್ಲಿ ಎಂಟುನೂರೈವತ್ತಕ್ಕೆ, ನೋಡಲು ಚಂದ, ಅಡಿ ಹಲಗೆ. ಎರಡನೆಯದು ಮೂರು ಸಾವಿರ, ನನ್ನದೇ ನಂಬರ್ ತಗೊಂಡು ಕೆಟ್ಟೆ. ಓಡಿದ ಮೇಲೆ ಪಾದ ಉಬ್ಬುತ್ತದೆ, ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಯಿತು. ಮೂರನೆಯದನ್ನು ಒಂದು ನಂಬರ್ ದೊಡ್ಡದು, ಸಂಜೆ ಹೊತ್ತು ಹಾಕಿ ನೋಡಿ ತಗೊಂಡೆ. ನಾಲ್ಕು ಸಾವಿರದ ಚಿಲ್ಲರೆ. ಅದೇ ಇವತ್ತಿಗೂ ನಡೆದಿದೆ.

ಬಟ್ಟೆಯಲ್ಲಿ ಮಾತ್ರ ನನಗೆ ಯಾರೂ ಕಲಿಸಬೇಕಾಗಿಲ್ಲ, ಅಂದುಕೊಂಡಿದ್ದೆ. ಕಾಟನ್ ಚೂಡಿದಾರ ಹಾಕಿ ಓಡಿದರೆ ಬೆವರು ಹೀರಿ ಭಾರ ಆಗುತ್ತದೆ, ತೊಡೆ ಸಂದಿ ಉಜ್ಜಿ ಉರಿ ಏಳುತ್ತದೆ. ನಾಲ್ಕೂ ಕಡೆ ಹಿಗ್ಗುವ ಬಟ್ಟೆ ತರಿಸಿದೆ. ಮಾಮೂಲಿ ಸೂಜಿಯಲ್ಲಿ ಹೊಲಿದರೆ ಹೊಲಿಗೆ ತಪ್ಪುತ್ತದೆ, ಬಾಲ್ ಪಾಯಿಂಟ್ ಸೂಜಿ ಬೇಕು. ಸೀದಾ ಹೊಲಿಗೆ ಹಾಕಿದ ಮೊದಲ ಪ್ಯಾಂಟು ಅಥಣಿ ರಸ್ತೆಯಲ್ಲಿ ಹಿಂದುಗಡೆ ಪಟಪಟ ಬಿಚ್ಚಿತು! ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಮನೆಗೆ ಬಂದೆ. ಎರಡನೆಯದಕ್ಕೆ ಜಿಗ್‌ಜ್ಯಾಗ್ ಹಾಕಿದೆ. ಐದನೆಯದಕ್ಕೆ ಸರಿ ಬಂತು. ತೊಡೆ ಸಂದಿಯಲ್ಲಿ ಹೊಲಿಗೆಯೇ ಮುಟ್ಟದ ಹಾಗೆ ಮಿಯಾನಿ ಅನ್ನುವ ತುಂಡು ಬಟ್ಟೆ ಕೂರಿಸಿದ್ದೇನೆ, ಮೊಬೈಲಿಗೆ ಬೆನ್ನ ಹಿಂದೆ ಜೇಬು, ಕುಣಿಯುವುದಿಲ್ಲ. ಆ ಕಟಿಂಗ್ ಹೆಂಗೆ ಅಂತ ಕೇಳಬೇಡಿ. ಬೇಕಾದರೆ ಆರ್ಡರ್ ಕೊಡಿ. ಒಳಗಿನ ಸ್ಪೋರ್ಟ್ಸ್ ಬ್ರಾ ಹೊಲಿಯಲು ಹೋಗಿ ಮೂರು ಸಲ ಕೆಟ್ಟೆ. ಅದನ್ನು ಕೊಂಡುಕೊಳ್ಳುವುದೇ ಸರಿ, ಅಲ್ಲಿ ಕಂಜೂಸಿ ಮಾಡಬೇಡಿ.

ಸುಮ್ನೆ ಮಾಡಿ ನೋಡಿದ್ದೂ ಬಹಳ ಇವೆ. ಎರೆ ಹೊಲದ ದಾರಿಯಲ್ಲಿ ಓಡಿದರೆ ಕಾಲಿಗೆ ಮೆತ್ತಗೆ ಅಂತ ತವರೂರಲ್ಲಿ ಓಡಿದೆ. ಬೇಸಿಗೆಯಲ್ಲಿ ಬಿರುಕು, ಪಾದ ಹೊರಳುತ್ತದೆ. ಒಂದು ಮಳೆ ಬಿದ್ದರೆ ಒಂದೊಂದು ಶೂ ಎರಡೆರಡು ಕಿಲೋ. ಗರಸಿನ ದಾರಿಯೇ ಮೇಲು. ನನಗೆ ಅಂಥದ್ದೊಂದು ಸಿಕ್ಕಿದೆ, ಎಲ್ಲಿ ಅಂತ ಬರೆಯುವುದಿಲ್ಲ, ಜನ ಜಾಸ್ತಿ ಆದರೆ ಬೈಕೂ ಬರುತ್ತವೆ. ಓಟಕ್ಕೆ ಮೊದಲು ಜೋಳದ ಅಂಬಲಿ ಕುಡಿದು ನೋಡಿದೆ, ಹೊಟ್ಟೆಯಲ್ಲಿ ಕೊಡ ತುಳುಕಿದ ಹಾಗಾಯಿತು. ಓಡಿ ಬಂದ ಮೇಲೆ ಅದೇ ಅಂಬಲಿಗೆ ಮಜ್ಜಿಗೆ, ಉಪ್ಪು ಹಾಕಿ ಕುಡಿದರೆ ಅಮೃತ. ದೂರದ ಓಟಕ್ಕೆ ಜೆಲ್ ಅಂತ ಬರುತ್ತದಲ್ವಾ, ಒಂದು ಪಾಕೀಟು ನೂರರ ಮೇಲೆ. ದ್ರಾಕ್ಷಿ ಬೆಳೆಯುವ ಜಿಲ್ಲೆಯವರಿಗೆ ಅದು ಯಾಕೆ? ಒಂದು ಹಿಡಿ ಒಣದ್ರಾಕ್ಷಿ, ಚಿಟಿಕೆ ಉಪ್ಪು, ಸಣ್ಣ ಚೀಲ. ನಡೆಯುವ ನಿಮಿಷದಲ್ಲಿ ತಿನ್ನಬೇಕು. ಓಡುತ್ತಾ ತಿಂದು ಒಮ್ಮೆ ಗಂಟಲಿಗೆ ಸಿಕ್ಕು ಸಾಯುವ ಹಾಗಾಗಿತ್ತು.

ನಾಯಿಗಳಿಗೆ ನನ್ನ ಹತ್ತಿರ ಉಪಾಯ ಇದೆ. ಓಟ ನಿಲ್ಲಿಸುವುದು, ತಿರುಗಿ ನಿಲ್ಲುವುದು, ಕಲ್ಲು ಎತ್ತಿದ ಹಾಗೆ ಬಗ್ಗುವುದು. ನೂರಕ್ಕೆ ತೊಂಬತ್ತು ಸಲ ಆಗುತ್ತದೆ. ಉಳಿದ ಹತ್ತು ಸಲಕ್ಕೆ ಕೈಯಲ್ಲಿ ಕೋಲು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ನಲವತ್ತು ದಾಟುತ್ತದೆ, ಬೆಳಗ್ಗೆ ಐದಕ್ಕೆ ಬಿಟ್ಟು ಆರಕ್ಕೆ ಒಳಗೆ ಸೇರಬೇಕು. ಕತ್ತಲಲ್ಲಿ ಒಬ್ಬಳೇ ಬೇಡ ಅಂತ ಮನೆಯವರು ಸೈಕಲ್ ಹಿಡಿದು ಹಿಂದೆ ಬರುತ್ತಾರೆ. ಅವರ ಹೊಟ್ಟೆಯೂ ಎರಡು ಇಂಚು ಇಳಿದಿದೆ, ಅಳತೆ ತೆಗೆದವಳು ನಾನೇ.

ಒಟ್ಟು ಖರ್ಚು, ನೆನಪಿನಿಂದ ಹೇಳುವುದಾದರೆ, ಹತ್ತೊಂಬತ್ತು ಇಪ್ಪತ್ತು ಸಾವಿರ. ಅದರಲ್ಲಿ ಏಳೆಂಟು ಸಾವಿರ ಬರೀ ದಂಡ. ಇಲ್ಲಿಯವರೆಗೆ ಇಪ್ಪತ್ತಾರು ಓಟದ ಪ್ಯಾಂಟು ಹೊಲಿದು ಮಾರಿದ್ದೇನೆ, ಒಂದಕ್ಕೆ ಮುನ್ನೂರರ ಮೇಲೆ ಉಳಿಯುತ್ತದೆ. ತೂಕ 74 ಇದ್ದದ್ದು 67 ಆಗಿದೆ, ಆದರೆ ಅದಕ್ಕಾಗಿ ಓಡಿದ್ದಲ್ಲ.

ಕೋಟೆ ಸುತ್ತು ಹಾಕುವ ಹುಚ್ಚು ಬಂದದ್ದು ನಮ್ಮ ಊರಿನ ವೃಕ್ಷಥಾನ್ ಓಟ ನೋಡಿ. ಅಲ್ಲಿ ಐದು ಕಿ.ಮೀ. ಓಡುವವರು, ಹತ್ತು ಓಡುವವರು, ಇಪ್ಪತ್ತೊಂದು ಓಡುವವರು. ನಾನು ಐದಕ್ಕೆ ಸೇರಿದ್ದೆ. ಮುಗಿಸಿ ನಿಂತಾಗ ಕಾಲಲ್ಲಿ ಇನ್ನೂ ಉಳಿದಿತ್ತು. ಸಂಕ್ರಾಂತಿ ಜಾತ್ರೆ ಮುಗಿದ ಮುಂದಿನ ಭಾನುವಾರ ಹೊರಟೆವು. ಗೋಳಗುಮ್ಮಟದ ಹತ್ತಿರ ಶುರು, ಚಳಿ, ಮಂಜು, ಗುಮ್ಮಟ ಅರ್ಧ ಕಾಣುತ್ತಿತ್ತು. ಶಹಾಪುರ ದರವಾಜೆವರೆಗೆ ಮೈ ಬೆಚ್ಚಗಾಗಲೇ ಇಲ್ಲ. ಮಲಿಕ್-ಎ-ಮೈದಾನ ಫಿರಂಗಿಯ ಹತ್ತಿರ ಮೊದಲ ಒಣದ್ರಾಕ್ಷಿ. ಉಪ್ಪಲಿ ಬುರುಜು ಅಲ್ಲೇ ಕಾಣುತ್ತದೆ, ಹಿಂದೆ ಶಾಲೆ ಮಕ್ಕಳ ಜೊತೆ ಹತ್ತಲು ಹೋಗಿ ಅರ್ಧಕ್ಕೆ ಕೂತಿದ್ದೆ. ಮಕ್ಕಾ ದರವಾಜೆ ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ಕಷ್ಟ ಶುರುವಾಯಿತು. ಎಂಟನೇ ಕಿ.ಮೀ.ನಲ್ಲಿ ಅಳತೆ ಸೊಂಟಕ್ಕೇ ನಿಲ್ಲತೊಡಗಿತು. ಓಟ ನಾಲ್ಕು ನಿಮಿಷ, ನಡಿಗೆ ಒಂದು ಅಂತ ಇಳಿಸಿದೆ. ಅಲ್ಲಾಪುರ ದರವಾಜೆ ಹತ್ತಿರ ಮನೆಯವರ ಸೈಕಲ್ ಪಂಕ್ಚರ್. "ನೀ ಹೋಗು, ನಾ ದಬ್ಬಕೋತ ಬರ್ತೀನಿ" ಅಂದರು. ಹೋದೆ.

ಮನೆಗೆ ಬಂದಾಗ ಭಾವನವರ ಮಗ ಕಟ್ಟೆ ಮೇಲೆ ಕೂತಿದ್ದ. ಅವನು ಪೊಲೀಸ್ ಆದ, ಈಗ ಹೊಟ್ಟೆ ಬಂದಿದೆ. ಫೋನ್ ತೋರಿಸಿದೆ. ಎರಡು ಸಲ ನೋಡಿದ. "ಕಾಕಿ, ಗಂಡಸರ ಪ್ಯಾಂಟೂ ಹೊಲೀತೀಯೇನು?" ಅಂದ. ಟೇಪ್ ತಗೊಂಡು ಅಲ್ಲೇ ಸೊಂಟದ ಅಳತೆ ತೆಗೆದೆ. ಎಷ್ಟು ಬಂತು ಅಂತ ಇಲ್ಲಿ ಬರೆಯಬೇಡ ಅಂದಿದ್ದಾನೆ.